ದೊಡ್ಡಪ್ಪನ ವೋಟು

ಪುಟ್ಟಿಗೆ ಆಗ ನಲವತ್ತೊಂದು ವರ್ಷ. ಪುರಸಭೆಯ ಗ್ರಂಥಾಲಯದಲ್ಲಿ ಒಂಬತ್ತು ವರ್ಷದಿಂದ ಹಂಗಾಮಿಯಾಗಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಪುಟ್ಟಿ ಎಂದು ಕರೆಯುವವರು ಇಬ್ಬರೇ ಉಳಿದಿದ್ದರು. ಒಬ್ಬರು ಅವಳ ದೊಡ್ಡಪ್ಪ, ಇನ್ನೊಬ್ಬ ದೊಡ್ಡಪ್ಪನ ಸ್ನೇಹಿತ ಕಂಡಕ್ಟರ್.

ದೊಡ್ಡಪ್ಪ ಮೂವತ್ತನಾಲ್ಕು ವರ್ಷ ಹನ್ನೆರಡನೇ ನಂಬರಿನ ಬಸ್ಸು ಓಡಿಸಿದವರು. ಒಂದೇ ವರ್ಷದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಏಳು ವರ್ಷದ ಪುಟ್ಟಿಯನ್ನು ಅವರೂ ದೊಡ್ಡಮ್ಮನೂ ಮಡಿಲಿಗೆ ಹಾಕಿಕೊಂಡು ಸಾಕಿದರು. ದೊಡ್ಡಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪನ ಕಣ್ಣಿಗೆ ಒತ್ತಡದ ಕಾಯಿಲೆ ಹಿಡಿಯಿತು. ಮೊದಲು ಪಕ್ಕದಲ್ಲಿ ಬರುವವರು ಕಾಣದಾದರು, ಆಮೇಲೆ ಎದುರಿಗೆ ಬರುವವರು. ನಿವೃತ್ತಿಯಾಗಿ ನಾಲ್ಕನೇ ವರ್ಷಕ್ಕೆ ಪೂರ್ತಿ ಕತ್ತಲೆ. "ಡ್ಯೂಟಿ ಮುಗಿಯೋ ತನಕ ಕಾದು ಕೈಕೊಟ್ಟಿದೆ. ನಿಯತ್ತಿನ ಕಣ್ಣು," ಎಂದು ತಮಾಷೆ ಮಾಡುತ್ತಿದ್ದರು.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರಿಬ್ಬರೇ ಇದ್ದರು. ಹದಿನೇಳು ಮೆಟ್ಟಿಲು, ಬಾಗಿಲಿಂದ ಕುರ್ಚಿಗೆ ಆರು ಹೆಜ್ಜೆ, ಕುರ್ಚಿಯಿಂದ ಕಿಟಕಿಗೆ ಮೂರು. ಎಲ್ಲವನ್ನೂ ದೊಡ್ಡಪ್ಪ ಲೆಕ್ಕ ಹಾಕಿಟ್ಟುಕೊಂಡಿದ್ದರು. ಭಾನುವಾರ ಬೆಳಿಗ್ಗೆ ಕಂಡಕ್ಟರ್ ಬರುತ್ತಿದ್ದ, ಈಗ ಅವನೂ ನಿವೃತ್ತ. ಇಬ್ಬರೂ ಹದಿನಾರು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು. ದಿನಪತ್ರಿಕೆಯನ್ನು ಕಂಡಕ್ಟರ್ ಗಟ್ಟಿಯಾಗಿ ಓದುತ್ತಿದ್ದ, ದೊಡ್ಡಪ್ಪ ಸಾಲು ಸಾಲಿಗೂ ಜಗಳ ತೆಗೆಯುತ್ತಿದ್ದರು.

ಆ ವರ್ಷ ಸರ್ಕಾರ ಒಂಬತ್ತು ಬಸ್ ಮಾರ್ಗಗಳನ್ನು ನಷ್ಟದ ನೆಪ ಹೇಳಿ ನಿಲ್ಲಿಸಿತು. ಹನ್ನೆರಡನೇ ನಂಬರೂ ಅದರಲ್ಲಿ ಹೋಯಿತು. ಕೂಲಿಯವರ ಬಡಾವಣೆಯಿಂದ ಆಸ್ಪತ್ರೆಗೆ ಹೋಗುತ್ತಿದ್ದ ಬಸ್ಸು ಅದೊಂದೇ. ಕಂಡಕ್ಟರ್ ಕಚೇರಿಯಿಂದ ಕಚೇರಿಗೆ ಅಲೆದ, ಅರ್ಜಿ ಕೊಟ್ಟ, ಕೊನೆಗೆ ವಿಧಾನಸಭೆ ಚುನಾವಣೆ ಘೋಷಣೆಯಾದಾಗ ತಾನೇ ನಿಲ್ಲುತ್ತೇನೆ ಎಂದ. ಅವನ ಹಿಂದೆ ಪಕ್ಷವಿರಲಿಲ್ಲ. ಪಕ್ಷವಿಲ್ಲದವನ ನಾಮಪತ್ರಕ್ಕೆ ಕ್ಷೇತ್ರದ ಹತ್ತು ಜನ ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಮೊದಲ ಸಹಿ ದೊಡ್ಡಪ್ಪನದು. ಪುಟ್ಟಿಯೇ ಅವರ ಬೆರಳನ್ನು ಹಿಡಿದು ಗೆರೆಯ ಮೇಲೆ ಇಟ್ಟಿದ್ದಳು.

ಕಂಡಕ್ಟರಿಗೆ ಏಣಿಯ ಗುರುತು ಸಿಕ್ಕಿತು. ಯಂತ್ರದಲ್ಲಿ ಎಂಟು ಹೆಸರು, ಅವನದು ಏಳನೆಯದು. ಮನೆಮನೆಗೆ ಹೋಗಿ ಅವನು ಹೇಳುತ್ತಿದ್ದದ್ದು ಒಂದೇ: "ಕೆಳಗಿಂದ ಎರಡನೇದು. ಏಣಿ ಹತ್ತೋದು ಕೆಳಗಿಂದ ತಾನೆ? ಹಾಗೆ ನೆನಪಿಟ್ಕೊಳ್ಳಿ." ದೊಡ್ಡಪ್ಪ ದಿನವೂ ಅವನ ಜೊತೆ ಹೊರಟರು. ಆಟೋದ ಹಿಂದಿನ ಸೀಟಿನಲ್ಲಿ ಕೂತು ಮೈಕು ಹಿಡಿದು, "ಹದಿನಾರು ವರ್ಷ ಇವನ ಸೀಟಿ ನಂಬಿ ಗಾಡಿ ಓಡಿಸಿದೀನಿ. ಒಂದು ದಿನ ತಪ್ಪಿ ಊದ್ಲಿಲ್ಲ," ಎಂದು ಕೂಗುತ್ತಿದ್ದರು. ಸಂಜೆ ಮನೆಗೆ ಬಂದಾಗ ಗಂಟಲು ಕಟ್ಟಿರುತ್ತಿತ್ತು, ಮುಖ ಅರಳಿರುತ್ತಿತ್ತು. ಕಣ್ಣು ಹೋದ ಮೇಲೆ ಅವರು ಇಷ್ಟು ಖುಷಿಯಾಗಿ ಇದ್ದದ್ದನ್ನು ಪುಟ್ಟಿ ನೋಡಿರಲಿಲ್ಲ.

ಎದುರಿಗೆ ನಿಂತವರಲ್ಲಿ ಬಲವಾಗಿದ್ದವರು ಗಿರಣಿ ಮಾಲೀಕರ ತಮ್ಮ. ಅವರ ಗುರುತು ದೀಪ, ಯಂತ್ರದಲ್ಲಿ ಮೂರನೆಯದು.

ಮತದಾನಕ್ಕೆ ಒಂದು ವಾರ ಇರುವಾಗ ಮುಖ್ಯ ಗ್ರಂಥಪಾಲಕರು ಹನ್ನೊಂದು ಮಂದಿ ಹಂಗಾಮಿಗಳನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿಸಿದರು. ದನಿ ತಗ್ಗಿಸಿ, "ದೀಪದವರು ಮಾತು ಕೊಟ್ಟಿದಾರೆ. ಗೆದ್ರೆ ಮೂರು ತಿಂಗಳಲ್ಲಿ ನಿಮ್ಮನ್ನೆಲ್ಲ ಖಾಯಂ ಮಾಡಿಸ್ತಾರೆ," ಎಂದರು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಪುಟ್ಟಿಯ ಸರದಿ ಬಂತು.

"ನಿಮ್ಮನೇಲಿ ಎಷ್ಟು ವೋಟು?"

"ಎರಡು ಸರ್."

"ಎರಡೂ ತಾನೆ?"

ಪುಟ್ಟಿ ಹೌದೆಂದು ತಲೆಯಾಡಿಸಿದಳು. ಇಲ್ಲ, ನನ್ನದೊಂದೇ ಎನ್ನಬಹುದಿತ್ತು. ನೋಡೋಣ ಎನ್ನಬಹುದಿತ್ತು. ಒಂಬತ್ತು ವರ್ಷ ಪ್ರತಿ ಆರು ತಿಂಗಳಿಗೊಮ್ಮೆ ಮುಂದುವರಿಕೆಯ ಪತ್ರಕ್ಕಾಗಿ ಅದೇ ಮೇಜಿನ ಮುಂದೆ ಕೈಕಟ್ಟಿ ನಿಂತ ಅಭ್ಯಾಸ. ತಲೆ ತಾನಾಗಿಯೇ ಆಡಿತು. ಹೊರಗೆ ಬಂದು ಪುಸ್ತಕದ ಕಪಾಟುಗಳ ನಡುವೆ ನಿಂತಾಗ ಅವಳಿಗೆ ತಾನು ಏನನ್ನು ಒಪ್ಪಿಕೊಂಡೆ ಎಂಬುದು ಹೊಳೆಯಿತು.

ಹೇಗೂ ಕಂಡಕ್ಟರ್ ಗೆಲ್ಲುವುದಿಲ್ಲ ಎಂದು ಅವಳು ಆ ವಾರವೆಲ್ಲ ತನಗೆ ತಾನೇ ಹೇಳಿಕೊಂಡಳು. ಪಕ್ಷವಿಲ್ಲ, ಜನವಿಲ್ಲ, ಆಟೋಗೆ ಡೀಸೆಲ್ ಹಾಕಿಸಲೂ ಒದ್ದಾಟ. ಠೇವಣಿ ಉಳಿದರೆ ಹೆಚ್ಚು. ದೊಡ್ಡಪ್ಪನಿಗೆ ತಿಳಿಯುವುದೂ ಇಲ್ಲ, ನೋವಾಗುವುದೂ ಇಲ್ಲ. ತಾನು ಖಾಯಂ ಆದರೆ ಅವರ ಕಣ್ಣಿನ ಹನಿ, ರಕ್ತದೊತ್ತಡದ ಮಾತ್ರೆ ಎಲ್ಲಕ್ಕೂ ಅನುಕೂಲ. ಹೀಗೆ ಯೋಚಿಸುತ್ತಾ ಹೋದಂತೆ ಅದು ಅವರಿಗಾಗಿಯೇ ಮಾಡುವ ಉಪಕಾರದಂತೆ ಕಾಣತೊಡಗಿತು.

ಮತಗಟ್ಟೆ ಹತ್ತಿರದ ಶಾಲೆಯಲ್ಲಿತ್ತು. ಸರದಿಯಲ್ಲಿದ್ದವರು ದೊಡ್ಡಪ್ಪನನ್ನು ಮುಂದೆ ಬಿಟ್ಟರು. ಮತಗಟ್ಟೆಯ ಅಧಿಕಾರಿ ಒಬ್ಬ ಗಣಿತದ ಟೀಚರಮ್ಮ. ಕನ್ನಡಕವನ್ನು ಹಣೆಗೇರಿಸಿ, "ಕಣ್ಣು ಕಾಣದವರ ಜೊತೆ ಒಬ್ಬರು ಹೋಗ್ಬಹುದು. ಆದ್ರೆ ಜೊತೆಗಾರರು ಇದಕ್ಕೆ ಸಹಿ ಹಾಕ್ಬೇಕು, ಓದಿ," ಎಂದು ಒಂದು ಹಾಳೆ ಕೊಟ್ಟರು.

ಪುಟ್ಟಿ ಓದಿದಳು. ಮತದಾರರು ಹೇಳಿದಂತೆಯೇ ಅವರ ಪರವಾಗಿ ಮತ ಹಾಕುತ್ತೇನೆ. ಆ ಮತದ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಈ ದಿನ ಬೇರೆ ಯಾರಿಗೂ ಜೊತೆಗಾರಳಾಗಿಲ್ಲ. ತಪ್ಪಿದರೆ ಶಿಕ್ಷೆಗೆ ಗುರಿಯಾಗುತ್ತೇನೆ. ಕೆಳಗೆ ಖಾಲಿ ಗೆರೆ. ಸಹಿ ಹಾಕಿದಳು. ಅಕ್ಷರ ಎಂದಿನಂತೆ ದುಂಡಗೇ ಬಂತು.

ರಟ್ಟಿನ ಮರೆಯ ಹಿಂದೆ ಚಿಕ್ಕ ಬೆಂಚಿನ ಮೇಲೆ ಯಂತ್ರವಿತ್ತು. ಇಬ್ಬರೂ ಮೈಗೆ ಮೈ ತಾಗಿಸಿ ನಿಂತರು. ದೊಡ್ಡಪ್ಪ ಅವಳ ಮುಂಗೈಯನ್ನು ಮೃದುವಾಗಿ ಹಿಡಿದುಕೊಂಡು ಕಿವಿಯ ಹತ್ತಿರ ಪಿಸುಗುಟ್ಟಿದರು. "ಏಣಿ. ಕೆಳಗಿಂದ ಎರಡನೇದು. ಇದೆಯಾ?"

"ಇದೆ ದೊಡ್ಡಪ್ಪ."

"ಒತ್ತು."

ಅವಳ ಬೆರಳು ಮೂರನೇ ಗುಂಡಿಯನ್ನು ಒತ್ತಿತು. ಕೆಂಪು ದೀಪ ಹತ್ತಿತು, ಯಂತ್ರ ಉದ್ದಕ್ಕೆ ಕೂಗಿತು. ದೊಡ್ಡಪ್ಪ ಒಂದು ಕ್ಷಣ ಅಲ್ಲೇ ನಿಂತರು. "ಆಯ್ತಾ?" ಎಂದರು. "ಆಯ್ತು," ಎಂದಳು. ಆಮೇಲೆ ಅವಳ ವೋಟು. ಅದೂ ಮೂರನೆಯದಕ್ಕೇ ಹೋಯಿತು. ಅದನ್ನು ಒತ್ತುವಾಗ ಅವಳು ಹಿಂದುಮುಂದು ನೋಡಲಿಲ್ಲ. ಅದು ಅವಳದೇ ಆಗಿತ್ತಲ್ಲ.

ಶಾಲೆಯ ಗೇಟಿನಿಂದ ನೂರು ಗಜ ಆಚೆ ಕಂಡಕ್ಟರ್ ನಿಂತಿದ್ದ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಓಡಿಬಂದು ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ಆಯ್ತಾ ನಿಮ್ದು?"

"ಆಯ್ತಪ್ಪ," ಎಂದರು ದೊಡ್ಡಪ್ಪ. ಶಾಯಿ ಹಚ್ಚಿದ ಬೆರಳನ್ನು ಮೇಲೆತ್ತಿ ತೋರಿಸಿದರು.

ಕಂಡಕ್ಟರ್ ಪುಟ್ಟಿಯ ಕಡೆ ತಿರುಗಿದ. "ನೀನಿಲ್ದಿದ್ರೆ ಅಣ್ಣನ ವೋಟು ಮಣ್ಣುಪಾಲಾಗ್ತಿತ್ತು ಪುಟ್ಟಿ. ನಿನ್ನ ಋಣ ತೀರಿಸಕ್ಕಾಗಲ್ಲ ಬಿಡು."

ಪುಟ್ಟಿ ನೆಲ ನೋಡಿದಳು. ಬಿಸಿಲು ಜಾಸ್ತಿ, ದೊಡ್ಡಪ್ಪನಿಗೆ ತಲೆ ಸುತ್ತೀತು ಎಂದು ಏನೋ ಹೇಳಿ ಅವರನ್ನು ಎಳೆದುಕೊಂಡೇ ಹೊರಟಳು. ದಾರಿಯಲ್ಲಿ ದೊಡ್ಡಪ್ಪ ಮಾತಾಡಲಿಲ್ಲ. ಗಂಟಲು ಕಟ್ಟಿದೆ, ಅದಕ್ಕೇ ಇರಬೇಕು ಎಂದುಕೊಂಡಳು.

ನಾಲ್ಕನೇ ದಿನ ಎಣಿಕೆ. ದೊಡ್ಡಪ್ಪ ಬೆಳಿಗ್ಗೆಯಿಂದ ರೇಡಿಯೋಗೆ ಕಿವಿ ಅಂಟಿಸಿ ಕೂತಿದ್ದರು. ಹತ್ತು ಗಂಟೆಗೆ ಅವರ ಕ್ಷೇತ್ರದ ಹೆಸರು ಬಂದಾಗ ಕೆಳಗಿನ ಸೈಕಲ್ ಅಂಗಡಿಯವನೂ ಮೇಲೆ ಓಡಿಬಂದ. ಏಣಿ ಎರಡನೇ ಸ್ಥಾನದಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಏಣಿ ಮುಂದೆ ಬಂತು. ನಿಂತುಹೋದ ಬಸ್ಸುಗಳ ದಾರಿಯಲ್ಲಿದ್ದ ಬಡಾವಣೆಗಳೆಲ್ಲ ಒಂದಾಗಿ ಏಣಿಗೆ ಹಾಕಿದ್ದವು. ಯಾವ ಪತ್ರಿಕೆಗೂ ಅದರ ವಾಸನೆ ಹತ್ತಿರಲಿಲ್ಲ.

ಮೂರೂವರೆಗೆ ಕೊನೆಯ ಸುತ್ತು ಮುಗಿಯಿತು. ದೀಪ ಹತ್ತೊಂಬತ್ತು ಮತಗಳಿಂದ ಗೆದ್ದಿತು. ಮರು ಎಣಿಕೆ ಕೇಳಿದರು. ಸಂಜೆ ಐದಕ್ಕೆ ಅದೂ ಮುಗಿಯಿತು. ಹತ್ತೊಂಬತ್ತು.

ದೊಡ್ಡಪ್ಪ ರೇಡಿಯೋ ಆರಿಸಿದರು. ಬಹಳ ಹೊತ್ತು ಬೆರಳು ಮಡಚಿ ಬಿಚ್ಚಿ ಮಾಡುತ್ತಿದ್ದರು. "ಹತ್ತೊಂಬತ್ತು ಅಂದ್ರೆ ಹತ್ತೊಂಬತ್ತಲ್ಲ ಪುಟ್ಟಿ," ಎಂದರು. "ದೀಪಕ್ಕೆ ಹಾಕಿದವರಲ್ಲಿ ಹತ್ತು ಜನ ಈ ಕಡೆ ತಿರುಗಿದ್ರೆ ಸಾಕಿತ್ತು. ಅಲ್ಲಿ ಹತ್ತು ಕಮ್ಮಿ, ಇಲ್ಲಿ ಹತ್ತು ಜಾಸ್ತಿ. ಒಂದು ವೋಟಲ್ಲಿ ಗೆಲ್ತಿದ್ದ. ಬರೀ ಹತ್ತು ಜನ."

ಪುಟ್ಟಿ ಅಡುಗೆಮನೆಯಲ್ಲಿ ನಿಂತಿದ್ದಳು. ಆ ಹತ್ತರಲ್ಲಿ ಎರಡು ಈ ಮನೆಯದೇ. ಒಂದು ತಾನು ಕೊಟ್ಟದ್ದು, ಒಂದು ತಾನು ಕದ್ದದ್ದು.

ಮರುದಿನ ಬೆಳಿಗ್ಗೆ ಕಂಡಕ್ಟರ್ ಬಂದ. ಸೋತವನ ಮುಖವಿರಲಿಲ್ಲ. "ಅಣ್ಣಾ, ಕೂದಲೆಳೆಯಲ್ಲಿ ತಪ್ಪಿಹೋಯ್ತು ನೋಡಿ, ಇಲ್ದಿದ್ರೆ ಕಾರಲ್ಲಿ ಬರ್ತಿದ್ದೆ," ಎಂದು ನಕ್ಕ. ಪುಟ್ಟಿ ಚಹಾ ಮಾಡಿದಳು. ಅದನ್ನು ಹೊರಗೆ ತರಲು ಮನಸ್ಸು ಬರಲಿಲ್ಲ. ಲೋಟ ತಣ್ಣಗಾಯಿತು. ಮತ್ತೆ ಬಿಸಿ ಮಾಡಿ, ಮತ್ತೆ ನಿಂತಳು. ಕೊನೆಗೆ ದೊಡ್ಡಪ್ಪನೇ ಕೂಗಿದಾಗ ತಂದು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮೂರನೇ ದಿನ ಗ್ರಂಥಾಲಯದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಾನೂನಿನ ಕಪಾಟಿನಿಂದ ಚುನಾವಣಾ ಕಾಯಿದೆಯ ದಪ್ಪ ಪುಸ್ತಕ ಇಳಿಸಿದಳು. ಜೊತೆಗಾರರು ಮಾತು ತಪ್ಪಿದರೆ ಏನು ಶಿಕ್ಷೆ ಎಂದು ಹುಡುಕಿದಳು. ಮೂರು ತಿಂಗಳ ಜೈಲು ಎಂದಿತ್ತು. ಇನ್ನೊಂದು ಪುಟದಲ್ಲಿ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಫಲಿತಾಂಶದಲ್ಲಿ ಅಕ್ರಮವಾಗಿದೆ ಎನ್ನುವವರು ನಲವತ್ತೈದು ದಿನದೊಳಗೆ ಕೋರ್ಟಿಗೆ ಅರ್ಜಿ ಹಾಕಬೇಕು, ಆಮೇಲೆ ಬಾಗಿಲು ಮುಚ್ಚುತ್ತದೆ. ಅವಳು ಪುಸ್ತಕವನ್ನು ಇದ್ದ ಜಾಗಕ್ಕೇ ಸೇರಿಸಿದಳು. ದಿನ ಎಣಿಸುತ್ತೇನೆ ಎಂದು ಅವಳು ಯಾವತ್ತೂ ಅಂದುಕೊಳ್ಳಲಿಲ್ಲ. ಆದರೂ ನಲವತ್ತಾರನೇ ದಿನ ಬೆಳಿಗ್ಗೆ ಎದ್ದಾಗ ಇವತ್ತು ನಲವತ್ತಾರನೆಯದು ಎಂದು ಗೊತ್ತಿತ್ತು.

ದೀಪದವರು ಅರ್ಧ ಮಾತು ಉಳಿಸಿಕೊಂಡರು. ಹನ್ನೊಂದರಲ್ಲಿ ಆರು ಜನಕ್ಕೆ ಖಾಯಂ ಆದೇಶ ಬಂತು. ಪುಟ್ಟಿಯ ಹೆಸರು ನಾಲ್ಕನೆಯದು. ಅವಳಿಗಿಂತ ಎರಡು ವರ್ಷ ಮೊದಲೇ ಸೇರಿದ್ದ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸಿನ ಹೆಸರು ಇರಲಿಲ್ಲ. ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ, "ನಮ್ಮನೇಲಿ ಒಂದೇ ವೋಟಿದ್ದಿದ್ದು," ಎಂದು ನಕ್ಕಳು. ತಮಾಷೆಗೇ ಹೇಳಿದ್ದಳು. ಪುಟ್ಟಿ ತನ್ನ ಆದೇಶದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಆದೇಶದ ವಿಷಯ ಹೇಳಿದಾಗ ದೊಡ್ಡಪ್ಪ ಕಿಟಕಿಯ ಹತ್ತಿರ ಕೂತಿದ್ದರು. "ಒಳ್ಳೇದಾಯ್ತು," ಎಂದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಸಂಭ್ರಮವೂ ಇರಲಿಲ್ಲ. ಆಮೇಲೆ, "ಕಣ್ಣಿಲ್ದೋರಿಗೆ ಚುಕ್ಕೆ ಮುಟ್ಟಿ ಓದೋದು ಕಲಿಸೋ ಶಾಲೆ ಇದೆಯಂತಲ್ಲ. ನನ್ನ ಅಲ್ಲಿಗೆ ಸೇರಿಸ್ತೀಯಾ?" ಎಂದು ಕೇಳಿದರು.

"ಈಗ ಯಾಕೆ ದೊಡ್ಡಪ್ಪ? ಅರವತ್ತೇಳಾಯ್ತು."

"ಆ ಯಂತ್ರದಲ್ಲಿ ಗುಂಡಿ ಪಕ್ಕ ನಂಬರು ಚುಕ್ಕೆಯಲ್ಲೂ ಇರುತ್ತಂತೆ. ಮುಂದಿನ ಸಲ ನಿನಗೆ ತೊಂದರೆ ಬೇಡ."

ಪುಟ್ಟಿ ಅವರ ಮುಖವನ್ನೇ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. ಕಣ್ಣು ಹೋದವರ ಮುಖದಲ್ಲಿ ಮನಸ್ಸನ್ನು ಓದುವುದು ಕಷ್ಟ. ಇಷ್ಟು ವರ್ಷ ಅದು ಅವಳಿಗೆ ದುಃಖದ ವಿಷಯವಾಗಿತ್ತು. ಅಂದು ಮೊದಲ ಬಾರಿಗೆ ಭಯವಾಯಿತು.

ಶಾಲೆ ಊರಿನ ಇನ್ನೊಂದು ತುದಿಯಲ್ಲಿತ್ತು. ಹನ್ನೆರಡನೇ ನಂಬರು ಇದ್ದಿದ್ದರೆ ನೇರ ಅದರ ಬಾಗಿಲಲ್ಲೇ ಇಳಿಯಬಹುದಿತ್ತು. ಈಗ ಒಂದು ಬಸ್ಸು ಹತ್ತಿ, ಇಳಿದು, ಒಂದೂವರೆ ಮೈಲಿ ನಡೆಯಬೇಕು. ಶನಿವಾರ ಶನಿವಾರ ಅವಳು ಅರ್ಧ ದಿನ ರಜೆ ಹಾಕಿ ಅವರನ್ನು ಕರೆದುಕೊಂಡು ಹೋಗತೊಡಗಿದಳು. ದಾರಿಯಲ್ಲಿ ಆಸ್ಪತ್ರೆಗೆ ನಡೆದುಹೋಗುವವರು ಕಾಣುತ್ತಿದ್ದರು. ಬಸುರಿಯರು, ಊರುಗೋಲಿನವರು, ಹೆಗಲ ಮೇಲೆ ಮಗು ಹೊತ್ತವರು. ದೊಡ್ಡಪ್ಪನಿಗೆ ಅವರು ಕಾಣುತ್ತಿರಲಿಲ್ಲ. ಆದರೂ ಒಂದು ದಿನ, "ತುಂಬ ಜನ ನಡೀತಿದಾರೆ ಅಲ್ವಾ? ಚಪ್ಪಲಿ ಸದ್ದು ಕೇಳುತ್ತೆ," ಎಂದರು. ಅವಳು ಹೂಂ ಎಂದಳು.

ಕಲಿಸುವವಳು ಹುಟ್ಟಿನಿಂದಲೇ ಕಣ್ಣಿಲ್ಲದ ತರುಣಿ, ಚುರುಕು ನಾಲಿಗೆಯವಳು. ದೊಡ್ಡಪ್ಪನ ಬೆರಳ ತುದಿ ಮುಟ್ಟಿ ನೋಡಿ, "ಅಜ್ಜಾ, ಇದು ಬೆರಳಾ, ಟೈರಾ?" ಎಂದಳು.

"ಮೂವತ್ನಾಲ್ಕು ವರ್ಷ ಸ್ಟೇರಿಂಗ್ ಹಿಡಿದಿದೆ ತಾಯಿ. ಟೈರೇ ಅಂದ್ಕೊ."

"ಹಾಗಾದ್ರೆ ಗಾಳಿ ಇಳಿಸ್ಬೇಕು. ದಿನಾ ಬಿಸಿನೀರಲ್ಲಿ ಅದ್ದಿ, ಒರಟು ಕಲ್ಲಲ್ಲಿ ಮೆಲ್ಲಗೆ ಉಜ್ಜಿ. ಚರ್ಮ ತೆಳ್ಳಗಾಗ್ದೆ ಚುಕ್ಕೆ ಸಿಗಲ್ಲ."

ಉಜ್ಜುವ ಕೆಲಸ ಪುಟ್ಟಿಯದಾಯಿತು. ದಿನವೂ ಕೆಲಸಕ್ಕೆ ಹೋಗುವ ಮೊದಲು ಬೋಗುಣಿಯಲ್ಲಿ ಬಿಸಿನೀರಿಟ್ಟು, ಅವರ ಬಲಗೈಯನ್ನು ತನ್ನ ತೊಡೆಯ ಮೇಲಿರಿಸಿಕೊಂಡು ಒಂದೊಂದೇ ಬೆರಳನ್ನು ಉಜ್ಜುತ್ತಿದ್ದಳು. ಅವಳಿಗೆ ಸೈಕಲ್ ಹೊಡೆಯಲು ಕಲಿಸಿದ ಕೈ ಅದು. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದಾಗ ಬೈಯದೆ ಬೆನ್ನು ತಟ್ಟಿದ ಕೈ. ದೊಡ್ಡಪ್ಪ ನೋವೆನ್ನುತ್ತಿರಲಿಲ್ಲ. ಹೊಗಳುತ್ತಲೂ ಇರಲಿಲ್ಲ. ಕೈಯನ್ನು ಅವಳಿಗೊಪ್ಪಿಸಿ ಸುಮ್ಮನೆ ಕೂತಿರುತ್ತಿದ್ದರು. ಆ ಹತ್ತು ನಿಮಿಷ ಅವಳಿಗೆ ದಿನದಲ್ಲೇ ಎಲ್ಲಕ್ಕಿಂತ ದೀರ್ಘವಾದ ಹೊತ್ತಾಗಿತ್ತು.

ರಟ್ಟಿನ ಚೂರುಗಳ ಮೇಲೆ ದಬ್ಬಳದಿಂದ ಒತ್ತಿ ಅಂಕಿಗಳನ್ನು ಮಾಡಿಕೊಟ್ಟಳು. ಒಂದಕ್ಕೆ ಒಂದು ಚುಕ್ಕೆ. ಮೂರಕ್ಕೆ ಅಕ್ಕಪಕ್ಕ ಎರಡು. ಏಳಕ್ಕೆ ಚೌಕವಾಗಿ ನಾಲ್ಕು. ತಿಂಗಳುಗಟ್ಟಲೆ ಎಲ್ಲವೂ ಅವರಿಗೆ ಒಂದೇ ಥರ ಇತ್ತು. ಐದನೇ ತಿಂಗಳಲ್ಲಿ ಒಂದು ಶನಿವಾರ, ಶಾಲೆಯಲ್ಲಿ, ಆ ತರುಣಿ ಕೊಟ್ಟ ಹತ್ತು ಚೂರುಗಳನ್ನೂ ದೊಡ್ಡಪ್ಪ ಒಂದೂ ತಪ್ಪದೆ ಹೇಳಿದರು. ಅವಳು ಚಪ್ಪಾಳೆ ತಟ್ಟಿದಳು. ದೊಡ್ಡಪ್ಪ ಮಗುವಿನಂತೆ ನಕ್ಕು, "ಪುಟ್ಟಿ, ನೋಡಿದ್ಯಾ?" ಎಂದು ಅವಳಿದ್ದ ಕಡೆ ಬಿಟ್ಟು ಬೇರೆ ಕಡೆಗೆ ಮುಖ ಮಾಡಿ ಕೂಗಿದರು.

ಪುಟ್ಟಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿಂದಿರುಗುವಾಗ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ, ಮುನ್ನುಡಿಯಿಲ್ಲದೆ, "ದೊಡ್ಡಪ್ಪ, ಅವತ್ತು ನಾನು ಏಣಿಗೆ ಒತ್ಲಿಲ್ಲ," ಎಂದಳು.

"ಗೊತ್ತು," ಎಂದರು ದೊಡ್ಡಪ್ಪ.

ಅವಳು ಅವರ ಕಡೆ ತಿರುಗಿದಳು. "ಯಾವಾಗಿಂದ?"

"ಆಗ್ಲೇ. ನಿನ್ನ ಕೈ ಹಿಡ್ಕೊಂಡಿದ್ನಲ್ಲ. ಏಣಿ ಕೆಳಗಿಂದ ಎರಡನೇದು ಅಂತ ನಾನೇ ಊರೆಲ್ಲ ಕೂಗಿದೀನಿ. ನಿನ್ನ ಕೈ ಮೇಲಕ್ಕೆ ಹೋಯ್ತು."

"ಮತ್ತೆ ಯಾಕೆ ಸುಮ್ನಿದ್ರಿ? ಅಲ್ಲೇ ಕೂಗ್ಬಹುದಿತ್ತು. ಟೀಚರಮ್ಮ ಅಲ್ಲೇ ಇದ್ರು."

"ಕೂಗಿದ್ರೆ ನಿನ್ನ ಪೊಲೀಸಿಗೆ ಕೊಡ್ತಿದ್ರು. ಸಹಿ ಹಾಕಿದ್ದೆಯಲ್ಲ." ದೊಡ್ಡಪ್ಪ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಬಾಯಿಗೆ ಬಂತು. ನುಂಗ್ಕೊಂಡೆ. ಹೊರಗೆ ಬಂದಾಗ ಅವನು ಆಯ್ತಾ ಅಣ್ಣಾ ಅಂದ. ಆಯ್ತು ಅಂದೆ. ಒಂದು ಕೆಲಸ ನೀನು ಮಾಡಿದೆ, ಇನ್ನೊಂದು ನಾನು ಮಾಡಿದೆ. ಪ್ರತಿ ಭಾನುವಾರ ಅವನು ಬಂದು ಪೇಪರ್ ಓದ್ತಾನೆ. ನಾನು ಕೇಳ್ತೀನಿ. ಒಂದು ಅಕ್ಷರ ಒಳಗೆ ಹೋಗಲ್ಲ."

ಪುಟ್ಟಿ ಅತ್ತಳು. ದೊಡ್ಡಪ್ಪ ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವ ತನಕ ಕಾದು, "ನೌಕರಿಗಾ?" ಎಂದು ಕೇಳಿದರು. ಹೌದೆಂದಳು. "ನನ್ನ ಕೇಳಿದ್ರೆ ಕೊಟ್ಟೇಬಿಡ್ತಿದ್ನೋ ಏನೋ. ಕೇಳ್ಬೇಕಿತ್ತು ನೀನು," ಎಂದರು. ಅವಳಿಗೆ ಬೈಗುಳಕ್ಕಿಂತ ಅದು ಹೆಚ್ಚು ತಾಗಿತು. ಕೇಳಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಕಣ್ಣಿನ ಜೊತೆಗೆ ಅವರ ಬುದ್ಧಿಯೂ ಹೋಗಿದೆ ಎನ್ನುವಂತೆ ನಡೆದುಕೊಂಡಿದ್ದಳು.

"ಅವನಿಗೆ ಹೇಳ್ಬೇಕು," ಎಂದರು ದೊಡ್ಡಪ್ಪ.

"ಗುಟ್ಟು ಹೇಳಲ್ಲ ಅಂತ ಸಹಿ ಹಾಕಿದೀನಿ," ಎಂದಳು. ಹೇಳಿದ ಮೇಲೆ ತನಗೇ ನಾಚಿಕೆಯಾಯಿತು.

"ಗುಟ್ಟು ನನ್ನದು. ನಾನೇ ಹೇಳು ಅಂತಿದೀನಿ."

ಕಂಡಕ್ಟರ್ ಆಗ ರೈಲು ನಿಲ್ದಾಣದ ಹೊರಗೆ ಸೈಕಲ್ ನಿಲ್ಲಿಸುವ ಜಾಗ ನೋಡಿಕೊಳ್ಳುತ್ತಿದ್ದ. ದೊಡ್ಡಪ್ಪನನ್ನು ಮನೆಗೆ ಬಿಟ್ಟು ಅವತ್ತೇ ಪುಟ್ಟಿ ಒಬ್ಬಳೇ ಹೋದಳು. ತಗಡಿನ ಗೂಡಿನೊಳಗೆ ಅವನು ಚೀಟಿ ಹರಿಯುತ್ತಾ ಕೂತಿದ್ದ. ಅವಳನ್ನು ನೋಡಿ ಎದ್ದುನಿಂತು ಸ್ಟೂಲು ಒರೆಸಿದ. ಅವಳು ನಿಂತೇ ಹೇಳಿದಳು. ಅವನು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ತಾನೇ ಕೂತ.

"ನಿನ್ನ ವೋಟು?" ಎಂದ.

"ಅದೂ ದೀಪಕ್ಕೇ."

"ಅದು ನಿನ್ನದು. ಅದನ್ನ ಕೇಳೋಕೆ ನಾನ್ಯಾರು?" ಚೀಟಿಯ ಪುಸ್ತಕವನ್ನು ಮಡಚಿದ. "ಅಣ್ಣನದು ನನಗೆ ಬಂದಿದ್ರೆ ಹತ್ತೊಂಬತ್ತು ಹದಿನೇಳಾಗ್ತಿತ್ತು. ಅಷ್ಟೇ. ಸೋಲು ಸೋಲೇ." ಅವಳಿಗೆ ಒಂದು ಕ್ಷಣ ಹಗುರವೆನಿಸಿತು. ಅಷ್ಟರಲ್ಲಿ ಅವನು ತಲೆಯೆತ್ತಿದ. "ಕೋರ್ಟಿಗೆ ಹೋಗು ಅಂತ ವಕೀಲರೊಬ್ರು ಆಗ ಹೇಳಿದ್ರು. ಒಂದು ವೋಟು ತಪ್ಪಾಗಿದೆ ಅಂತ ತೋರಿಸಿದ್ರೂ ಸಾಕು, ಉಳಿದವು ಹೊರಗೆ ಬರ್ತವೆ, ಹುಡುಕು ಅಂದ್ರು. ಮನೆಮನೆ ಸುತ್ತಿದೆ. ನಿಮ್ಮನೆಗೂ ಬಂದಿದ್ದೆ. ಸಿಗಲಿಲ್ಲ. ನಲವತ್ತೈದು ದಿನ ಮುಗೀತು, ಬಿಟ್ಟೆ. ನಿನಗೆ ಆ ಗಡುವು ಗೊತ್ತಿತ್ತಾ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ನಂಬುತ್ತಿದ್ದ.

"ಗೊತ್ತಿತ್ತು," ಎಂದಳು.

ಯಾರೋ ಸೈಕಲ್ ತಂದರು. ಚೀಟಿ ಹರಿದುಕೊಟ್ಟ. ಇನ್ನೊಬ್ಬರು ತಂದರು. ಅವಳು ನಿಂತೇ ಇದ್ದಳು. ಕೊನೆಗೆ, "ನೀವು ಹೊರಡಿ ಮೇಡಂ, ಇಲ್ಲಿ ಬಿಸಿಲು," ಎಂದ.

ಮರುದಿನ ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ದೊಡ್ಡಪ್ಪ ಬೆಳಿಗ್ಗೆಯೇ ಶುಭ್ರ ಅಂಗಿ ತೊಟ್ಟು ಕೂರುತ್ತಿದ್ದರು. ಮೆಟ್ಟಿಲ ಸದ್ದಾದರೆ ಕತ್ತು ತಿರುಗಿಸುತ್ತಿದ್ದರು. ಪತ್ರಿಕೆ ನಾನೇ ಓದಲೇ ಎಂದು ಪುಟ್ಟಿ ಕೇಳಿದರೆ, "ಬೇಡ, ನೀನು ಜಗಳ ಆಡಲ್ಲ," ಎನ್ನುತ್ತಿದ್ದರು. ಐದು ತಿಂಗಳು ಹೀಗೆ ಕಳೆಯಿತು. ಒಂದು ವೋಟಿನಲ್ಲಿ ತಾನು ಏನೇನು ತೆಗೆದುಕೊಂಡೆ ಎಂದು ಅವಳು ಆ ಭಾನುವಾರಗಳಲ್ಲಿ ತಿಳಿದುಕೊಂಡಳು.

ನೌಕರಿ ಬಿಟ್ಟುಬಿಡಲೇ ಎಂದು ಒಮ್ಮೆ ದೊಡ್ಡಪ್ಪನನ್ನು ಕೇಳಿದಳು. "ಬಿಟ್ರೆ ಆ ರಟ್ಟು ಕಟ್ಟೋಳಿಗೆ ಸಿಗುತ್ತಾ?" ಎಂದರು. ವಿಚಾರಿಸಿದಳು. ಸಿಗುವುದಿಲ್ಲ, ಹುದ್ದೆಯೇ ರದ್ದಾಗುತ್ತದೆ ಎಂದರು. ಪುಟ್ಟಿ ನೌಕರಿ ಬಿಡಲಿಲ್ಲ. ಬಿಡದೇ ಇದ್ದುದಕ್ಕೆ ಅದೇ ನಿಜವಾದ ಕಾರಣವೋ ಅಲ್ಲವೋ ಎಂದು ಅವಳಿಗೆ ಇವತ್ತಿಗೂ ಖಚಿತವಿಲ್ಲ. ರಟ್ಟು ಕಟ್ಟುವವಳ ಪರವಾಗಿ ಮೇಲಿನವರಿಗೆ ಬರೆದಳು. ಮುಖ್ಯ ಗ್ರಂಥಪಾಲಕರು ಕರೆದು, ಹತ್ತಿದ ಏಣಿ ಒದೆಯಬೇಡಿ ಎಂದು ಕಣ್ಣು ಕೆಂಪಗೆ ಮಾಡಿದರು. ಮತ್ತೆ ಬರೆದಳು. ಉತ್ತರ ಬರಲಿಲ್ಲ.

ಆರನೇ ತಿಂಗಳಲ್ಲಿ ಒಂದು ಭಾನುವಾರ ಕಂಡಕ್ಟರ್ ಬಂದ. ಏನೂ ಆಗದವನಂತೆ ಪತ್ರಿಕೆ ಬಿಡಿಸಿದ. ಓದಲಿಲ್ಲ. "ಅಣ್ಣಾ, ನೀವಾದ್ರೂ ಹೇಳ್ಬಹುದಿತ್ತು," ಎಂದ.

"ಹೇಳ್ಬಹುದಿತ್ತು ಕಣೋ. ಹೇಳ್ಲಿಲ್ಲ. ಅವಳ ಮುಖ ನೋಡಿದೆ, ನಿನ್ನ ಮುಖ ನೋಡ್ಲಿಲ್ಲ. ತಪ್ಪಾಯ್ತು."

ಕಂಡಕ್ಟರ್ ಪತ್ರಿಕೆ ಮೇಲೆತ್ತಿ ಓದತೊಡಗಿದ. ಮೂರನೇ ಸಾಲಿಗೆ ದೊಡ್ಡಪ್ಪ ಜಗಳ ತೆಗೆದರು. ಅಂದಿನಿಂದ ಅವನು ಬರುತ್ತಿದ್ದಾನೆ. ದೊಡ್ಡಪ್ಪನ ಜೊತೆ ಮೊದಲಿನಂತೆಯೇ ಇದ್ದಾನೆ. ಪುಟ್ಟಿಯನ್ನು ಮಾತ್ರ ಇವತ್ತಿಗೂ ಮೇಡಂ ಎನ್ನುತ್ತಾನೆ.

ಅದಾಗಿ ಒಂದೂವರೆ ವರ್ಷಕ್ಕೆ ಪುರಸಭೆಯ ಚುನಾವಣೆ ಬಂತು. ಕಂಡಕ್ಟರ್ ನಿಲ್ಲಲಿಲ್ಲ. ಒಂದು ಸಲಕ್ಕೇ ಸಾಕಾಯಿತು ಎಂದ. ಅದೇ ಶಾಲೆ. ಈ ಬಾರಿಯ ಅಧಿಕಾರಿ ಯಾರೋ ಅಂಚೆ ಕಚೇರಿಯವರು. ದೊಡ್ಡಪ್ಪನನ್ನು ಕಂಡು ಜೊತೆಗಾರರ ಹಾಳೆ ಎಳೆದರು.

"ಬೇಡ," ಎಂದರು ದೊಡ್ಡಪ್ಪ. "ನಾನೇ ಹಾಕ್ತೀನಿ. ಮರೆಯ ತನಕ ಬಿಟ್ರೆ ಸಾಕು."

"ನಿಮಗೆ ಕಾಣಲ್ವಲ್ಲ ಯಜಮಾನ್ರೇ."

"ಕಾಣೋರೆಲ್ಲ ಸರಿಯಾಗಿ ಹಾಕ್ತಾರಾ ಸ್ವಾಮಿ?"

ಅಧಿಕಾರಿ ನಕ್ಕು ಮೊಣಕೈ ಹಿಡಿದು ಒಳಗೆ ಬಿಟ್ಟುಬಂದರು. ಪುಟ್ಟಿ ಸರದಿಯಲ್ಲಿ ನಿಂತಿದ್ದಳು. ರಟ್ಟಿನ ಕೆಳಗೆ ದೊಡ್ಡಪ್ಪನ ಪಾದಗಳು ಮಾತ್ರ ಕಾಣುತ್ತಿದ್ದವು. ಒಂದು ನಿಮಿಷ, ಎರಡು. ಪಾದ ಸ್ವಲ್ಪ ಸರಿಯಿತು. ಹಿಂದಿದ್ದವರು ಗೊಣಗತೊಡಗಿದರು. ನಾಲ್ಕು ನಿಮಿಷ. ನಂಬರು ತಪ್ಪಿತೇ, ಬೆರಳು ಮರೆಯಿತೇ ಎಂದು ಅವಳು ಆ ಪಾದಗಳನ್ನೇ ನೋಡಿದಳು. ಯಾರೋ, "ಜೊತೆಗೆ ಬಂದೋರು ಹೋಗಿ ಒತ್ಬಾರ್ದಾ?" ಎಂದರು. ಅವಳು ಹೆಜ್ಜೆ ಕದಲಿಸಲಿಲ್ಲ.

ಯಂತ್ರ ಕೂಗಿತು.

ದೊಡ್ಡಪ್ಪ ಹೊರಬಂದರು. ಹಣೆ ಒದ್ದೆಯಾಗಿತ್ತು. ಪುಟ್ಟಿ ತನ್ನ ವೋಟು ಹಾಕಿ ಬಂದಾಗ ಅವರು ಗೇಟಿನ ಹತ್ತಿರ ಗೋಡೆ ಹಿಡಿದು ನಿಂತಿದ್ದರು.

"ಎಷ್ಟು ಹೊತ್ತು ತಗೊಂಡೆ?"

"ಆರು ನಿಮಿಷ."

"ಬೈದ್ರಾ ಜನ?"

"ಬೈದ್ರು."

ಅವರು ಸಂತೋಷದಿಂದ ನಕ್ಕರು. ಯಾರಿಗೆ ಹಾಕಿದರು ಎಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಸ್ವಲ್ಪ ದೂರ ನಡೆದ ಮೇಲೆ ಅವಳು, "ದೊಡ್ಡಪ್ಪ, ಅದು..." ಎಂದು ಶುರುಮಾಡಿದಳು. ಏನು ಹೇಳಲು ಹೊರಟಿದ್ದಾಳೆಂದು ಅವರಿಗೆ ತಿಳಿಯಿತು.

"ಮುಗೀತು ಅಂತ ನಾನು ಹೇಳಲ್ಲ ಪುಟ್ಟಿ," ಎಂದರು. "ಸುಳ್ಳು ಹೇಳ್ದಂಗಾಗುತ್ತೆ. ಆದ್ರೆ ಹಸಿವಾಗ್ತಿದೆ. ಬೇಗ ನಡಿ."

ಅವಳು ಕೈ ಚಾಚಿದಳು. ಅವರು ಹಿಡಿದುಕೊಂಡರು. ಇಬ್ಬರೂ ಬಿಸಿಲಿಗೆ ರಸ್ತೆಯ ಅಂಚು ಹಿಡಿದು ಮನೆಯ ಕಡೆ ನಡೆದರು.